ಡಿಸ್ಕ್ ಇಮೇಜಿನೊಳಗಿನ ಒಂದೇ ಫೈಲು ತಿದ್ದಬೇಕೇ? ಟರ್ಮಿನಲ್‌ನಲ್ಲಿ ದಾರಿಗಳಿವೆ

ಶಾಲೆಯೊಂದರ ಕಂಪ್ಯೂಟರ್ ಕೊಠಡಿಯಲ್ಲಿ ಇಪ್ಪತ್ತು ಯಂತ್ರಗಳಿವೆ, ಎಲ್ಲಕ್ಕೂ ಲಿನಕ್ಸ್ ಹಾಕಬೇಕು ಎಂದುಕೊಳ್ಳೋಣ. ಇಳಿಸಿಕೊಂಡ ಐಎಸ್‌ಒ ಇಮೇಜು ಎರಡು ಗಿಗಾಬೈಟಿಗೂ ದೊಡ್ಡದು. ಅದರಲ್ಲಿ ಬದಲಾಗಬೇಕಾದದ್ದು ಬೂಟ್ ಮೆನುವಿನ ಒಂದು ಸಾಲು ಮಾತ್ರ. ಆ ಸಾಲು ಬದಲಾಗಿ, ಉತ್ತರಗಳ ಫೈಲೂ ಜೊತೆಗೆ ಸೇರಿದರೆ ಇನ್‌ಸ್ಟಾಲರ್ ಯಾವ ಪ್ರಶ್ನೆಯನ್ನೂ ಕೇಳದೆ ತಾನಾಗಿ ಕೆಲಸ ಮುಗಿಸುತ್ತದೆ. ಇಲ್ಲವಾದರೆ ಭಾಷೆ, ಕೀಬೋರ್ಡು, ಡಿಸ್ಕು, ಪಾಸ್‌ವರ್ಡು ಎಂದು ಇಪ್ಪತ್ತು ಸಲ ಒಂದೇ ಉತ್ತರ ಟೈಪ್ ಮಾಡುತ್ತ ಕೂರಬೇಕು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಇಡೀ ಇಮೇಜನ್ನು ಫೋಲ್ಡರಿಗೆ ಬಿಚ್ಚುವುದು, ಫೈಲು ತಿದ್ದುವುದು, ಎಲ್ಲವನ್ನೂ ಸೇರಿಸಿ ಮತ್ತೆ ಐಎಸ್‌ಒ ಕಟ್ಟುವುದು. ಹೊಸ ಇಮೇಜನ್ನು ತೆರೆದು ನೋಡಿದರೆ ಎಲ್ಲ ಫೈಲುಗಳೂ ಅಲ್ಲೇ ಇರುತ್ತವೆ. ಆದರೆ ಪೆನ್‌ಡ್ರೈವಿಗೆ ಬರೆದು ಯಂತ್ರಕ್ಕೆ ಸಿಕ್ಕಿಸಿದರೆ ಬೂಟ್ ಆಗುವುದಿಲ್ಲ.

ಕಾರಣವಿಷ್ಟೆ: ಇಮೇಜಿನೊಳಗೆ ಫೈಲುಗಳಷ್ಟೇ ಇರುವುದಿಲ್ಲ. ಬೂಟ್ ಆಗಲು ಬೇಕಾದ ಮಾಹಿತಿ, ಪಾರ್ಟಿಷನ್ ಪಟ್ಟಿ, ಫೈಲುಗಳ ಮಾಲೀಕತ್ವ ಮತ್ತು ಅನುಮತಿಗಳೂ ಅದರಲ್ಲಿ ಪದರ ಪದರವಾಗಿ ಸೇರಿರುತ್ತವೆ. ಬಿಚ್ಚಿ ಕಟ್ಟುವಾಗ ಕೈತಪ್ಪುವುದು ಇವೇ. ಹಾಗಾಗಿ ತಿದ್ದಬೇಕಾದ ಫೈಲು ಯಾವ ಪದರದಲ್ಲಿದೆ ಎಂದು ಮೊದಲು ನೋಡಿಕೊಂಡು, ಆ ಪದರವನ್ನಷ್ಟೇ ಮುಟ್ಟುವ ಸಾಧನವನ್ನು ಆರಿಸಿಕೊಳ್ಳಬೇಕು. ಹೀಗೆ ಮಾಡಿದರೆ ಉಳಿದದ್ದೆಲ್ಲ ಇದ್ದ ಹಾಗೆಯೇ ಉಳಿಯುತ್ತದೆ.

ಕಮಾಂಡುಗಳ ಮತ್ತು ಫೈಲುಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲು ಗುರುತು ಹಿಡಿಯಿರಿ

ಫೈಲಿನ ಹೆಸರಿನ ಕೊನೆಯ ಮೂರಕ್ಷರವನ್ನು ನಂಬಿ ಹೊರಡಬಾರದು. ಲಿನಕ್ಸ್ ಮತ್ತು ಮ್ಯಾಕ್ ಎರಡರಲ್ಲೂ 'ಫೈಲ್' ಎಂಬ ಹೆಸರಿನದೇ ಒಂದು ಕಮಾಂಡು ಇದೆ. ಅದರ ಮುಂದೆ ಇಮೇಜಿನ ಹೆಸರು ಕೊಟ್ಟರೆ ಒಳಗಿನ ಬೈಟುಗಳನ್ನು ನೋಡಿ ಅದು ಐಎಸ್‌ಒ 9660 ಮಾದರಿಯದೋ, ಪಾರ್ಟಿಷನ್ ಪಟ್ಟಿ ಇರುವ ಡಿಸ್ಕಿನ ನಕಲೋ, ಕ್ಯುಕೌ2 ಮಾದರಿಯ ವರ್ಚುವಲ್ ಡಿಸ್ಕೋ ಎಂದು ಹೇಳುತ್ತದೆ. ಪಾರ್ಟಿಷನ್ ಪಟ್ಟಿ ಇದೆ ಎಂದಾದರೆ ಮುಂದಿನ ಹೆಜ್ಜೆ 'ಎಫ್‌ಡಿಸ್ಕ್ -ಎಲ್'. ಯಾವ ಪಾರ್ಟಿಷನ್ ಯಾವ ಸೆಕ್ಟರಿನಿಂದ ಶುರುವಾಗುತ್ತದೆ, ಎಷ್ಟು ದೊಡ್ಡದು ಎಂಬುದನ್ನು ಅದು ಪಟ್ಟಿ ಮಾಡಿ ತೋರಿಸುತ್ತದೆ.

ಎರಡನೆಯ ಹೆಜ್ಜೆ ನಕಲು. ಮೂಲ ಇಮೇಜನ್ನು ಯಾವತ್ತೂ ತಿದ್ದಬಾರದು. ಅದರ ಎಸ್‌ಎಚ್‌ಎ256 ಮೊತ್ತವನ್ನು (ಚೆಕ್‌ಸಮ್) ಮೂಲ ಸಂಸ್ಥೆ ಪ್ರಕಟಿಸಿದ್ದರೊಂದಿಗೆ ತಾಳೆ ನೋಡಿ, ಬರೆದಿಟ್ಟುಕೊಂಡು, 'ಚ್‌ಮಾಡ್' ಕಮಾಂಡಿನಿಂದ ಓದಲು ಮಾತ್ರ ಅನುಮತಿ ಇರುವಂತೆ ಮಾಡಿಟ್ಟರೆ ಕೈತಪ್ಪಿನ ಭಯವಿಲ್ಲ. ಕೆಲಸವೆಲ್ಲ ನಕಲಿನ ಮೇಲೆ ನಡೆಯಲಿ.

ಐಎಸ್‌ಒ ಏಕೆ ತಿದ್ದಲು ಬಿಡುವುದಿಲ್ಲ?

ಐಎಸ್‌ಒ ಇಮೇಜನ್ನು ಲಿನಕ್ಸಿನಲ್ಲಿ 'ಮೌಂಟ್ -ಒ ಲೂಪ್' ಎಂದು ಒಂದು ಫೋಲ್ಡರಿಗೆ ಜೋಡಿಸಿದರೆ ಒಳಗಿನದೆಲ್ಲ ಕಾಣಿಸುತ್ತದೆ. ಆದರೆ ಏನನ್ನೂ ಬರೆಯಲಾಗುವುದಿಲ್ಲ. ರೂಟ್ ಅಧಿಕಾರ ಇದ್ದರೂ ಇದು ಓದಲಷ್ಟೇ ಇರುವ ಫೈಲ್ ಸಿಸ್ಟಮ್ ಎಂಬ ಉತ್ತರವೇ ಬರುತ್ತದೆ.

ಐಎಸ್‌ಒ 9660 ರೂಪುಗೊಂಡದ್ದು 1980ರ ದಶಕದಲ್ಲಿ, ಒಮ್ಮೆ ಅಚ್ಚೊತ್ತಿದರೆ ಮತ್ತೆ ಬದಲಾಗದ ಸಿಡಿ-ರಾಮ್‌ಗಾಗಿ. ಅಂತರರಾಷ್ಟ್ರೀಯ ಮಾನಕವಾಗಿ ಅದು ಪ್ರಕಟವಾದದ್ದು 1988ರಲ್ಲಿ. ಇದರಲ್ಲಿ ಜಾಗವನ್ನು 2048 ಬೈಟಿನ ಸೆಕ್ಟರುಗಳಾಗಿ ಹಂಚಲಾಗಿದೆ. ಫೈಲುಗಳು ಮದುವೆಯೂಟದ ಪಂಕ್ತಿಯಂತೆ ಒಂದರ ಪಕ್ಕ ಒಂದು ಒತ್ತಾಗಿ ಕೂತಿರುತ್ತವೆ. ನಡುವೆ ಇನ್ನೊಂದು ಎಲೆ ಹಾಕಬೇಕೆಂದರೆ ಮುಂದಿನವರೆಲ್ಲ ಸರಿಯಬೇಕು. ಯಾವ ಫೈಲು ಎಷ್ಟನೆಯ ಸೆಕ್ಟರಿನಲ್ಲಿ ಶುರು, ಎಷ್ಟು ಬೈಟು ಉದ್ದ ಎಂಬುದು ಡೈರೆಕ್ಟರಿಯಲ್ಲಿ ಮೊದಲೇ ಬರೆದಿರುತ್ತದೆ. ಹೊಸ ಬರಹಕ್ಕೆಂದು ಖಾಲಿ ಜಾಗದ ಲೆಕ್ಕ ಇಡುವ ಏರ್ಪಾಡೇ ಈ ಮಾದರಿಯಲ್ಲಿಲ್ಲ.

ಬೂಟ್ ವಿಷಯವನ್ನೂ ಇಲ್ಲೇ ತಿಳಿದುಕೊಳ್ಳಬೇಕು. ಮೊದಲ 16 ಸೆಕ್ಟರುಗಳು, ಅಂದರೆ 32,768 ಬೈಟುಗಳು, ಫೈಲ್ ಸಿಸ್ಟಮಿನ ಲೆಕ್ಕಕ್ಕೆ ಬರುವುದಿಲ್ಲ. ಇಂದಿನ ಲಿನಕ್ಸ್ ಇಮೇಜುಗಳು ಪೆನ್‌ಡ್ರೈವಿನಿಂದಲೂ ಬೂಟ್ ಆಗುವುದು ಈ ಜಾಗದಲ್ಲಿ ಪಾರ್ಟಿಷನ್ ಪಟ್ಟಿಯನ್ನೂ ಬೂಟ್ ಕೋಡನ್ನೂ ಇಟ್ಟಿರುವುದರಿಂದ. ಸಿಡಿ, ಡಿವಿಡಿಗಳಿಂದ ಬೂಟ್ ಆಗಲು 1995ರ ಎಲ್ ಟೊರಿಟೊ ಎಂಬ ಇನ್ನೊಂದು ಏರ್ಪಾಡಿದೆ. ಫೈಲುಗಳನ್ನಷ್ಟೇ ನಕಲು ಮಾಡಿ ಹೊಸ ಐಎಸ್‌ಒ ಕಟ್ಟಿದರೆ ಈ ಎರಡೂ ಬಿಟ್ಟುಹೋಗುತ್ತವೆ. 7-ಜಿಪ್ ಬಳಸುವವರೂ ಒಂದು ಮಾತು ಗಮನಿಸಬೇಕು: ಅದು ಐಎಸ್‌ಒವನ್ನು ಬಿಚ್ಚಬಲ್ಲದು, ಒಳಗಿನ ಫೈಲನ್ನು ಬದಲಾಯಿಸಲಾರದು.

ಎಕ್ಸ್‌ಒರಿಸೊ: ಬೂಟ್ ಉಳಿಸಿ ಫೈಲು ಬದಲಿಸುವ ಸಾಧನ

ಈ ಕೆಲಸಕ್ಕೆಂದೇ ಹೇಳಿಮಾಡಿಸಿದ ಸಾಧನ ಎಕ್ಸ್‌ಒರಿಸೊ. ಬರೆಯುವಾಗ ಎಕ್ಸ್, ಒ, ನಡುವೆ ಎರಡು ಆರ್ ಇವೆ ಎಂಬುದು ನೆನಪಿರಲಿ. ಲಿಬ್‌ಬರ್ನಿಯಾ ಯೋಜನೆಯ ಈ ತಂತ್ರಾಂಶ ಡೆಬಿಯನ್, ಉಬುಂಟು, ಫೆಡೋರಾಗಳ ಭಂಡಾರಗಳಲ್ಲೇ ಸಿಗುತ್ತದೆ. ಹಳೆಯ ಇಮೇಜನ್ನು ಓದಿ, ಹೇಳಿದ ಬದಲಾವಣೆಗಳನ್ನು ಸೇರಿಸಿ, ಬೂಟ್ ಏರ್ಪಾಡನ್ನು ಇದ್ದ ಹಾಗೆಯೇ ಮರುಕಟ್ಟಿ, ಹೊಸ ಇಮೇಜು ಬರೆಯುವುದು ಅದರ ಕೆಲಸ. ನಡುವೆ ಇಡೀ ಇಮೇಜನ್ನು ಎಲ್ಲಿಯೂ ಬಿಚ್ಚಿಡಬೇಕಾಗಿಲ್ಲ. ರೂಟ್ ಅಧಿಕಾರವೂ ಬೇಕಿಲ್ಲ.

ಉಬುಂಟು ಸರ್ವರ್ ಇಮೇಜಿನ ಬೂಟ್ ಮೆನು ತಿದ್ದುವ ಉದಾಹರಣೆಯನ್ನೇ ನೋಡೋಣ. 20.04ರ ಆವೃತ್ತಿಯಿಂದ ಈ ಇನ್‌ಸ್ಟಾಲರಿಗೆ 'ಆಟೊಇನ್‌ಸ್ಟಾಲ್' ಎಂಬ ಸೌಲಭ್ಯವಿದೆ. ಉತ್ತರಗಳನ್ನೆಲ್ಲ ಮೊದಲೇ ಒಂದು ಫೈಲಿನಲ್ಲಿ ಬರೆದಿಟ್ಟರೆ ಅದು ಅಲ್ಲಿಂದಲೇ ಓದಿಕೊಳ್ಳುತ್ತದೆ.

ಮೊದಲು ಮೆನುವಿನ ಫೈಲನ್ನು ಹೊರತೆಗೆಯಬೇಕು. ಎಕ್ಸ್‌ಒರಿಸೊಗೆ '-ಒಸಿರಾಕ್ಸ್ ಆನ್' ಎಂಬ ಆಯ್ಕೆ ಕೊಟ್ಟು, '-ಇನ್‌ಡೆವ್' ಮುಂದೆ ಹಳೆಯ ಇಮೇಜಿನ ಹೆಸರು, '-ಎಕ್ಸ್‌ಟ್ರಾಕ್ಟ್' ಮುಂದೆ ಇಮೇಜಿನೊಳಗಿನ ವಿಳಾಸ ಮತ್ತು ಹೊರಗೆ ಇಡಬೇಕಾದ ಹೆಸರು ಕೊಡಬೇಕು. ಒಳಗಿನ ವಿಳಾಸ ಬೂಟ್ ಫೋಲ್ಡರಿನ ಒಳಗೆ ಗ್ರಬ್, ಅದರೊಳಗೆ ಗ್ರಬ್ ಡಾಟ್ ಸಿಎಫ್‌ಜಿ. ಹೊರಬಂದ ಫೈಲಿಗೆ ಓದುವ ಅನುಮತಿ ಮಾತ್ರ ಇರುವುದುಂಟು. ತಿದ್ದುವ ಮೊದಲು 'ಚ್‌ಮಾಡ್ ಯು+ಡಬ್ಲ್ಯು' ಎಂದು ಬರೆಯುವ ಅನುಮತಿ ಸೇರಿಸಬೇಕು.

ತಿದ್ದಬೇಕಾದದ್ದು ಕರ್ನಲ್ ಹೆಸರಿರುವ ಸಾಲು. ಅದರಲ್ಲಿ ಮೂರು ಅಡ್ಡಗೆರೆಗಳ ಮುಂಚೆ 'ಆಟೊಇನ್‌ಸ್ಟಾಲ್' ಎಂಬ ಪದವನ್ನೂ, ಉತ್ತರದ ಫೈಲುಗಳಿರುವ ಫೋಲ್ಡರಿನ ವಿಳಾಸವನ್ನೂ ಸೇರಿಸಬೇಕು. ವಿಳಾಸದ ಭಾಗ 'ಡಿಎಸ್=ನೋಕ್ಲೌಡ್' ಎಂದು ಶುರುವಾಗಿ, ಅರ್ಧವಿರಾಮ ಚಿಹ್ನೆಯ ನಂತರ 'ಎಸ್=/ಸಿಡಿರಾಮ್/ಸರ್ವರ್/' ಎಂದು ಮುಂದುವರಿಯುತ್ತದೆ. ಬಹಳ ಜನ ಎಡವುವುದು ಇಲ್ಲೇ. ಬೂಟ್ ಮೆನು ತೋರಿಸುವ ಗ್ರಬ್‌ನ ಭಾಷೆಯಲ್ಲಿ ಅರ್ಧವಿರಾಮವೆಂದರೆ ಕಮಾಂಡು ಮುಗಿಯಿತೆಂದು ಅರ್ಥ. ಆದ್ದರಿಂದ ಅದಕ್ಕೆ ಮುಂಚೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಲೇಬೇಕು. ಹಾಕದಿದ್ದರೆ ಉಳಿದ ಭಾಗ ಕರ್ನಲ್‌ಗೆ ತಲುಪುವುದೇ ಇಲ್ಲ, ಇನ್‌ಸ್ಟಾಲರ್ ಎಂದಿನಂತೆ ಪ್ರಶ್ನೆ ಕೇಳುತ್ತ ನಿಲ್ಲುತ್ತದೆ.

ಜೊತೆಗೆ 'ಸರ್ವರ್' ಎಂಬ ಫೋಲ್ಡರಿನಲ್ಲಿ 'ಯೂಸರ್-ಡೇಟಾ', 'ಮೆಟಾ-ಡೇಟಾ' ಎಂಬ ಎರಡು ಫೈಲುಗಳು ಇರಬೇಕು. ಮೊದಲನೆಯದರ ಮೊದಲ ಸಾಲು ಹ್ಯಾಶ್ ಚಿಹ್ನೆಯೊಂದಿಗೆ 'ಕ್ಲೌಡ್-ಕಾನ್ಫಿಗ್' ಎಂದಿರಬೇಕು. ಎರಡನೆಯದು ಖಾಲಿಯಿದ್ದರೂ ನಡೆಯುತ್ತದೆ, ಆದರೆ ಫೈಲು ಇರಲೇಬೇಕು.

ಕೊನೆಗೆ ಹೊಸ ಇಮೇಜು ಬರೆಯುವ ಕಮಾಂಡು. ಎಕ್ಸ್‌ಒರಿಸೊ ಮುಂದೆ '-ಇನ್‌ಡೆವ್' ಮತ್ತು ಹಳೆಯ ಇಮೇಜು. '-ಔಟ್‌ಡೆವ್' ಮತ್ತು ಹೊಸ ಇಮೇಜಿನ ಹೆಸರು. '-ಮ್ಯಾಪ್' ಮುಂದೆ ಹೊರಗಿನ ಫೈಲು, ಬಳಿಕ ಒಳಗಿನ ವಿಳಾಸ. ಹೊಸ ಫೋಲ್ಡರಿಗೂ ಇಂಥದೇ ಇನ್ನೊಂದು '-ಮ್ಯಾಪ್'. ಕೊನೆಯಲ್ಲಿ '-ಬೂಟ್_ಇಮೇಜ್ ಎನಿ ರಿಪ್ಲೇ'. ಈ ಕೊನೆಯ ಆಯ್ಕೆಯೇ ಇಡೀ ಸಾಲಿನ ಜೀವ. ಹಳೆಯ ಇಮೇಜಿನ ಬೂಟ್ ಏರ್ಪಾಡನ್ನು ಪತ್ತೆಹಚ್ಚಿ ಹೊಸದರಲ್ಲಿ ಹಾಗೆಯೇ ಕೂರಿಸು ಎಂಬುದು ಅದರ ಅರ್ಥ. ಹೊಸ ಇಮೇಜಿನ ಹೆಸರಿನ ಫೈಲು ಮೊದಲೇ ಇರಬಾರದು ಎಂಬುದನ್ನೂ ನೋಡಿಕೊಳ್ಳಬೇಕು.

ಡೆಬಿಯನ್ ಮತ್ತು ಉಬುಂಟು ಇಮೇಜುಗಳ ಒಳಗೆ 'ಎಂಡಿ5ಸಮ್ ಡಾಟ್ ಟೆಕ್ಸ್ಟ್' ಎಂಬ ಫೈಲೊಂದು ಇರುತ್ತದೆ. ಒಳಗಿನ ಬಹುತೇಕ ಫೈಲುಗಳ ಮೊತ್ತ ಅದರಲ್ಲಿದೆ. ಮೆನು ಬದಲಾದರೆ ಅದರ ಮೊತ್ತವೂ ಬದಲಾಗುತ್ತದೆ, ಇಮೇಜು ಕೆಟ್ಟಿದೆ ಎಂದು ತಪಾಸಣೆ ದೂರು ಹೇಳುತ್ತದೆ. ಆದ್ದರಿಂದ ತಿದ್ದಿದ ಫೈಲಿನ ಹೊಸ ಮೊತ್ತವನ್ನು ಲೆಕ್ಕ ಹಾಕಿ, ಆ ಸಾಲನ್ನು ಬದಲಿಸಿ, ಈ ಪಟ್ಟಿಯನ್ನೂ '-ಮ್ಯಾಪ್' ಮೂಲಕ ಒಳಗೆ ಸೇರಿಸಬೇಕು.

ಉದ್ದ ಬದಲಾಗದಿದ್ದರೆ

ಹೊಸ ಫೈಲು ಹಳೆಯದರಷ್ಟೇ ಬೈಟು ಉದ್ದವಿದ್ದರೆ ಇನ್ನೂ ಚಿಕ್ಕ ದಾರಿಯಿದೆ. ಎಕ್ಸ್‌ಒರಿಸೊದ '-ಫೈಂಡ್' ಆಯ್ಕೆಯೊಂದಿಗೆ '-ಎಕ್ಸೆಕ್ ರಿಪೋರ್ಟ್_ಎಲ್‌ಬಿಎ' ಸೇರಿಸಿದರೆ ಫೈಲು ಶುರುವಾಗುವ ಸೆಕ್ಟರಿನ ಸಂಖ್ಯೆ ತಿಳಿಯುತ್ತದೆ. ಬಳಿಕ 'ಡಿಡಿ' ಕಮಾಂಡಿಗೆ 'ಬಿಎಸ್=2048' ಎಂದೂ 'ಸೀಕ್' ಮುಂದೆ ಆ ಸಂಖ್ಯೆಯನ್ನೂ ಕೊಟ್ಟು ನೇರವಾಗಿ ಆ ಜಾಗಕ್ಕೇ ಬರೆಯಬಹುದು. 'ಕಾನ್ವ್=ನೋಟ್ರಂಕ್' ಎಂಬುದನ್ನು ಮಾತ್ರ ಮರೆಯಬಾರದು. ಮರೆತರೆ ಆ ಜಾಗದ ನಂತರದ ಇಮೇಜೆಲ್ಲ ಕತ್ತರಿಸಿಹೋಗುತ್ತದೆ. ಮೆನು ಫೈಲಿನಲ್ಲಿ ಕಾಮೆಂಟಿನ ಸಾಲೊಂದನ್ನು ಮೊಟಕುಗೊಳಿಸಿ ಅಥವಾ ಕೊನೆಗೆ ಖಾಲಿ ಜಾಗ ಸೇರಿಸಿ ಉದ್ದ ಸರಿದೂಗಿಸುವುದು ಕಷ್ಟವಲ್ಲ.

ಇಮೇಜಿನೊಳಗೊಂದು ಇಮೇಜು

ಲೈವ್ ಲಿನಕ್ಸ್ ಇಮೇಜಿನಲ್ಲಿ ಕನ್ನಡ ಫಾಂಟ್ ಸೇರಿಸಬೇಕು ಎಂದುಕೊಂಡವರಿಗೆ ಇನ್ನೊಂದು ಪದರ ಎದುರಾಗುತ್ತದೆ. ಡೆಬಿಯನ್ ಲೈವ್‌ನಲ್ಲಿ ಇಡೀ ವ್ಯವಸ್ಥೆ 'ಲೈವ್' ಫೋಲ್ಡರಿನ 'ಫೈಲ್‌ಸಿಸ್ಟಮ್ ಡಾಟ್ ಸ್ಕ್ವಾಶ್‌ಎಫ್‌ಎಸ್' ಎಂಬ ಒಂದೇ ಫೈಲಿನೊಳಗೆ ಒತ್ತಿ ಕುಳಿತಿರುತ್ತದೆ. ಸ್ಕ್ವಾಶ್‌ಎಫ್‌ಎಸ್ ಕೂಡ ಓದಲಷ್ಟೇ ಇರುವ ಮಾದರಿ. ಇಲ್ಲಿ ಬಿಚ್ಚಿ ಕಟ್ಟುವುದೇ ಸಾಮಾನ್ಯ ದಾರಿ, ಆದರೆ ಬಿಚ್ಚಬೇಕಾದದ್ದು ಈ ಒಂದು ಪದರವನ್ನು ಮಾತ್ರ.

ಆ ಫೈಲನ್ನು ಹೊರತೆಗೆದು 'ಅನ್‌ಸ್ಕ್ವಾಶ್‌ಎಫ್‌ಎಸ್' ಕಮಾಂಡಿನಿಂದ ಬಿಚ್ಚಿದರೆ 'ಸ್ಕ್ವಾಶ್‌ಎಫ್‌ಎಸ್-ರೂಟ್' ಎಂಬ ಫೋಲ್ಡರು ಸಿಗುತ್ತದೆ. ಇದನ್ನು 'ಸುಡೊ' ಜೊತೆಗೇ ಮಾಡಬೇಕು. ಇಲ್ಲವಾದರೆ ಫೈಲುಗಳ ಮಾಲೀಕತ್ವ ಬದಲಾಗಿ, ಕಟ್ಟಿದ ವ್ಯವಸ್ಥೆ ವಿಚಿತ್ರವಾಗಿ ವರ್ತಿಸುತ್ತದೆ. ಬಳಿಕ 'ಸಿಎಚ್‌ರೂಟ್' ಕಮಾಂಡಿನಿಂದ ಆ ಫೋಲ್ಡರಿನೊಳಗೆ ಹೊಕ್ಕರೆ, ಅದೇ ಚಾಲನೆಯಲ್ಲಿರುವ ವ್ಯವಸ್ಥೆ ಎಂಬಂತೆ ಪ್ಯಾಕೇಜು ಹಾಕಬಹುದು. ಡೆಬಿಯನ್ ಭಂಡಾರದಲ್ಲಿ ಗುಬ್ಬಿ ಮತ್ತು ನವಿಲು ಕನ್ನಡ ಫಾಂಟುಗಳು ಪ್ಯಾಕೇಜುಗಳಾಗಿಯೇ ಇವೆ: ಹೆಸರು 'ಫಾಂಟ್ಸ್-ಗುಬ್ಬಿ', 'ಫಾಂಟ್ಸ್-ನವಿಲು'. ಕನ್ನಡ ಟೈಪಿಂಗಿಗೆ 'ಐಬಸ್-ಎಂ17ಎನ್' ಸೇರಿಸಿಕೊಂಡರೆ ಲೈವ್ ಪೆನ್‌ಡ್ರೈವಿನಿಂದಲೇ ಕನ್ನಡ ಬರೆಯಬಹುದು.

ಮತ್ತೆ ಕಟ್ಟುವುದು 'ಎಂಕೆಸ್ಕ್ವಾಶ್‌ಎಫ್‌ಎಸ್'. ಅದೇ ಹೆಸರಿನ ಹಳೆಯ ಫೈಲು ಅಲ್ಲೇ ಇದ್ದರೆ ಈ ಕಮಾಂಡು ಅದನ್ನು ಅಳಿಸುವುದಿಲ್ಲ, ಅದರ ಬಾಲಕ್ಕೇ ಹೊಸದನ್ನು ಸೇರಿಸುತ್ತದೆ. ಒಂದೇ ಹೆಸರಿನ ಫೋಲ್ಡರು ಎರಡಾದರೆ ಎರಡನೆಯದರ ಹೆಸರಿಗೆ ಅಡಿಗೆರೆ ಮತ್ತು ಒಂದು ಎಂಬ ಅಂಕೆ ಅಂಟಿಕೊಳ್ಳುತ್ತದೆ. ಇದನ್ನು ತಪ್ಪಿಸಲು '-ನೋಅಪೆಂಡ್' ಆಯ್ಕೆ ಕೊಡಬೇಕು. ಹೊಸ ಸ್ಕ್ವಾಶ್‌ಎಫ್‌ಎಸ್ ಫೈಲನ್ನು ಐಎಸ್‌ಒ ಒಳಗೆ ಕೂರಿಸುವುದು ಮತ್ತದೇ '-ಮ್ಯಾಪ್'.

ರಾಸ್ಪ್‌ಬೆರಿ ಪೈ ಇಮೇಜು: ಒಂದರೊಳಗೆ ಎರಡು ಪಾರ್ಟಿಷನ್

ರಾಸ್ಪ್‌ಬೆರಿ ಪೈ ಒಎಸ್ ಸಿಗುವುದು ಎಕ್ಸ್‌ಜೆಡ್ ಮಾದರಿಯಲ್ಲಿ ಒತ್ತಿದ ಫೈಲಾಗಿ. ಬಿಚ್ಚಿದಾಗ ಸಿಗುವುದು ಇಡೀ ಎಸ್‌ಡಿ ಕಾರ್ಡಿನ ನಕಲು. ಅದರಲ್ಲಿ ಬೂಟ್ ಆಗಲು ಒಂದು ಫ್ಯಾಟ್32 ಪಾರ್ಟಿಷನ್, ವ್ಯವಸ್ಥೆಗೆ ಒಂದು ಇಎಕ್ಸ್‌ಟಿ4 ಪಾರ್ಟಿಷನ್ ಇರುತ್ತವೆ. ಇವೆರಡೂ ಬರೆಯಬಹುದಾದ ಮಾದರಿಗಳೇ ಆದ್ದರಿಂದ ಇಲ್ಲಿನ ಕೆಲಸ ಐಎಸ್‌ಒಗಿಂತ ಸಲೀಸು.

ಪರದೆ, ಕೀಬೋರ್ಡು ಇಲ್ಲದೆ ಪೈ ನಡೆಸುವವರಿಗೆ ಬೇಕಾದ ಬದಲಾವಣೆ ಸಾಮಾನ್ಯವಾಗಿ ಎರಡು. 2016ರ ನವೆಂಬರ್ ಆವೃತ್ತಿಯಿಂದ ಎಸ್‌ಎಸ್‌ಎಚ್ ತಾನಾಗಿ ಚಾಲೂ ಇರುವುದಿಲ್ಲ. ಬೂಟ್ ಪಾರ್ಟಿಷನ್ನಿನಲ್ಲಿ 'ಎಸ್‌ಎಸ್‌ಎಚ್' ಎಂಬ ಖಾಲಿ ಫೈಲು ಇದ್ದರೆ ಚಾಲೂ ಆಗುತ್ತದೆ. 2022ರ ಏಪ್ರಿಲ್‌ನಲ್ಲಿ 'ಪೈ' ಎಂಬ ಸಿದ್ಧ ಬಳಕೆದಾರನನ್ನೂ ತೆಗೆದುಹಾಕಲಾಯಿತು. ಅದರ ಬದಲಿಗೆ 'ಯೂಸರ್‌ಕಾನ್ಫ್ ಡಾಟ್ ಟೆಕ್ಸ್ಟ್' ಎಂಬ ಫೈಲಿನಲ್ಲಿ ಬಳಕೆದಾರನ ಹೆಸರು, ಕೋಲನ್ ಚಿಹ್ನೆ, ಗೂಢಲಿಪಿಗೊಳಿಸಿದ ಪಾಸ್‌ವರ್ಡು ಬರೆದಿಡಬಹುದು. ಪಾಸ್‌ವರ್ಡಿನ ಆ ರೂಪ 'ಓಪನ್‌ಎಸ್‌ಎಸ್‌ಎಲ್ ಪಾಸ್‌ಡಬ್ಲ್ಯುಡಿ -6' ಎಂಬ ಕಮಾಂಡಿನಿಂದ ಸಿಗುತ್ತದೆ.

ಇವೆರಡೂ ಫ್ಯಾಟ್ ಪಾರ್ಟಿಷನ್ನಿನ ಫೈಲುಗಳು. ಅವನ್ನು ಸೇರಿಸಲು ಇಮೇಜನ್ನು ಮೌಂಟ್ ಮಾಡುವ ಅಗತ್ಯವೂ ಇಲ್ಲ, ಎಮ್‌ಟೂಲ್ಸ್ ಎಂಬ ಹಳೆಯ ಸಾಧನಗುಚ್ಛ ಸಾಕು. 'ಎಫ್‌ಡಿಸ್ಕ್ -ಎಲ್' ಮೊದಲ ಪಾರ್ಟಿಷನ್ 8192ನೆಯ ಸೆಕ್ಟರಿನಲ್ಲಿ ಶುರು ಎಂದು ತೋರಿಸಿದರೆ, ಅದನ್ನು 512ರಿಂದ ಗುಣಿಸಬೇಕು: 41,94,304 ಬೈಟು. ಬಳಿಕ 'ಎಮ್‌ಕಾಪಿ -ಐ' ಮುಂದೆ ಇಮೇಜಿನ ಹೆಸರು, ಅದಕ್ಕೆ ಅಂಟಿಕೊಂಡಂತೆ ಎರಡು ಅಟ್ ಚಿಹ್ನೆ, ಅದರ ಬೆನ್ನಿಗೇ ಅಲ್ಪವಿರಾಮವಿಲ್ಲದೆ ಆ ಸಂಖ್ಯೆ, ಆಮೇಲೆ ಸೇರಿಸಬೇಕಾದ ಫೈಲು, ಕೊನೆಗೆ ಎರಡು ಕೋಲನ್. 'ಎಮ್‌ಡಿಐಆರ್' ಒಳಗಿರುವುದನ್ನು ಪಟ್ಟಿ ಮಾಡುತ್ತದೆ, 'ಎಮ್‌ಡೆಲ್' ಅಳಿಸುತ್ತದೆ. ಸೆಕ್ಟರಿನ ಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಪ್ರತಿ ಇಮೇಜಿಗೂ ಹೊಸದಾಗಿ ನೋಡಿಯೇ ಲೆಕ್ಕ ಹಾಕಬೇಕು.

ಎರಡನೆಯ ಪಾರ್ಟಿಷನ್ನಿನ ಫೈಲು ತಿದ್ದಬೇಕಾದರೆ 'ಲೋಸೆಟಪ್' ಬೇಕು. ಅದಕ್ಕೆ '--ಫೈಂಡ್ --ಶೋ --ಪಾರ್ಟ್‌ಸ್ಕ್ಯಾನ್' ಎಂಬ ಆಯ್ಕೆಗಳನ್ನು ಕೊಟ್ಟರೆ ಇಮೇಜು ನಿಜವಾದ ಡಿಸ್ಕಿನಂತೆ ಕಾಣಿಸಿಕೊಂಡು, ಪಾರ್ಟಿಷನ್ನುಗಳಿಗೆ 'ಲೂಪ್0ಪಿ1', 'ಲೂಪ್0ಪಿ2' ಎಂಬಂಥ ಹೆಸರು ಬರುತ್ತದೆ. ಎರಡನೆಯದನ್ನು ಮೌಂಟ್ ಮಾಡಿ ಎಂದಿನ ಎಡಿಟರಿನಲ್ಲೇ ತಿದ್ದಬಹುದು. ಕೆಲಸ ಮುಗಿದ ಮೇಲೆ 'ಯುಮೌಂಟ್', ಬಳಿಕ 'ಲೋಸೆಟಪ್ -ಡಿ'. ಈ ಕ್ರಮ ತಪ್ಪಿಸಿ ಇಮೇಜನ್ನು ಕಾರ್ಡಿಗೆ ಬರೆದರೆ ಅರ್ಧ ಬದಲಾವಣೆ ಮೆಮೊರಿಯಲ್ಲೇ ಉಳಿದಿರಬಹುದು.

ಇಎಕ್ಸ್‌ಟಿ4 ಪಾರ್ಟಿಷನ್ ಬಗ್ಗೆ ತಿಳಿದಿರಬೇಕಾದ ಸಂಗತಿಯೊಂದಿದೆ. ಓದಲಷ್ಟೇ ಎಂದು ಮೌಂಟ್ ಮಾಡಿದರೂ, ಬಾಕಿ ಉಳಿದ ಜರ್ನಲ್ (ಪೂರ್ತಿಯಾಗದ ಬರಹಗಳ ದಾಖಲೆ) ಇದ್ದರೆ ಕರ್ನಲ್ ಅದನ್ನು ಜಾರಿಗೆ ತರುತ್ತದೆ, ಇಮೇಜು ಬದಲಾಗುತ್ತದೆ. ಒಂದು ಬೈಟೂ ಬದಲಾಗಬಾರದು ಎನ್ನುವ ಸಂದರ್ಭದಲ್ಲಿ 'ಆರ್‌ಒ' ಜೊತೆಗೆ 'ನೋಲೋಡ್' ಆಯ್ಕೆಯನ್ನೂ ಕೊಡಬೇಕು.

ಜಾಗ ಸಾಲದಿದ್ದರೆ ಇಮೇಜನ್ನು ಹಿಗ್ಗಿಸಬಹುದು. 'ಟ್ರಂಕೇಟ್ -ಎಸ್ +1ಜಿ' ಫೈಲನ್ನು ಒಂದು ಗಿಗಾಬೈಟು ಉದ್ದ ಮಾಡುತ್ತದೆ, 'ಪಾರ್ಟೆಡ್'ನ 'ರಿಸೈಜ್‌ಪಾರ್ಟ್' ಪಾರ್ಟಿಷನ್ನನ್ನು ಹಿಗ್ಗಿಸುತ್ತದೆ. ಆಮೇಲೆ 'ಇ2ಎಫ್‌ಎಸ್‌ಸಿಕೆ -ಎಫ್' ತಪಾಸಣೆ, ಕೊನೆಗೆ 'ರಿಸೈಜ್2ಎಫ್‌ಎಸ್'. ಹೊರಗಿನ ಪದರದಿಂದ ಒಳಗಿನದಕ್ಕೆ ಬರುವ ಈ ಕ್ರಮವನ್ನು ಬದಲಿಸಬಾರದು.

ವರ್ಚುವಲ್ ಯಂತ್ರದ ಡಿಸ್ಕು

ಕ್ಲೌಡ್ ಸರ್ವರುಗಳಿಗೆ ಬಳಸುವ ಕ್ಯುಕೌ2 ಇಮೇಜನ್ನು 'ಲೋಸೆಟಪ್' ನೇರವಾಗಿ ಅರ್ಥಮಾಡಿಕೊಳ್ಳಲಾರದು, ಏಕೆಂದರೆ ಅದರೊಳಗಿನ ಬ್ಲಾಕುಗಳು ಡಿಸ್ಕಿನ ಕ್ರಮದಲ್ಲಿ ಇರುವುದಿಲ್ಲ. ಇದಕ್ಕೆ 2009ರಲ್ಲಿ ರೆಡ್ ಹ್ಯಾಟ್‌ನಲ್ಲಿ ಆರಂಭವಾದ ಲಿಬ್‌ಗೆಸ್ಟ್‌ಎಫ್‌ಎಸ್ ಇದೆ. ಅದು ಹಿನ್ನೆಲೆಯಲ್ಲಿ ಪುಟ್ಟ ವರ್ಚುವಲ್ ಯಂತ್ರವೊಂದನ್ನು ಎಬ್ಬಿಸಿ, ಅದರ ಮೂಲಕ ಇಮೇಜನ್ನು ತೆರೆಯುತ್ತದೆ. 'ವರ್ಟ್-ಎಡಿಟ್ -ಎ' ಮುಂದೆ ಇಮೇಜು ಮತ್ತು ಫೈಲಿನ ವಿಳಾಸ ಕೊಟ್ಟರೆ ಎಡಿಟರಿನಲ್ಲಿ ಆ ಫೈಲು ತೆರೆದುಕೊಳ್ಳುತ್ತದೆ. 'ವರ್ಟ್-ಕಾಪಿ-ಇನ್' ಹೊರಗಿನದನ್ನು ಒಳಗೆ ಸೇರಿಸುತ್ತದೆ. 'ವರ್ಟ್-ಕಸ್ಟಮೈಜ್' ಒಳಗೆ ಪ್ಯಾಕೇಜನ್ನೇ ಹಾಕಿಕೊಡುತ್ತದೆ.

ಎರಡು ಎಚ್ಚರಿಕೆಗಳಿಗೆ ಇಲ್ಲಿ ವಿನಾಯಿತಿಯಿಲ್ಲ. ಚಾಲನೆಯಲ್ಲಿರುವ ಯಂತ್ರದ ಡಿಸ್ಕನ್ನು ಹೊರಗಿನಿಂದ ತಿದ್ದಬಾರದು. ಎರಡು ಕಡೆಯಿಂದ ಬರಹ ಬಿದ್ದು ಫೈಲ್ ಸಿಸ್ಟಮ್ ಹಾಳಾಗುತ್ತದೆ. ಇಮೇಜನ್ನು ಆಧಾರವಾಗಿಟ್ಟುಕೊಂಡು ಬೇರೆ ಇಮೇಜುಗಳನ್ನು ಈಗಾಗಲೇ ಕಟ್ಟಿದ್ದರೆ ಆಧಾರದ ಇಮೇಜನ್ನು ಮುಟ್ಟಬಾರದು. ಮೇಲಿನವೆಲ್ಲ ಒಟ್ಟಿಗೇ ಕೆಡುತ್ತವೆ. ಯಾವುದು ಯಾವುದನ್ನು ಆಧರಿಸಿದೆ ಎಂಬುದನ್ನು 'ಕ್ಯುಎಮು-ಐಎಮ್‌ಜಿ ಇನ್ಫೊ' ಹೇಳುತ್ತದೆ.

ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ

ಮ್ಯಾಕ್‌ನ ಡಿಎಮ್‌ಜಿ ಇಮೇಜುಗಳು ಹೆಚ್ಚಾಗಿ ಒತ್ತಿದ, ಓದಲಷ್ಟೇ ಇರುವ ಯುಡಿಜೆಡ್‌ಒ ಮಾದರಿಯಲ್ಲಿರುತ್ತವೆ. 'ಎಚ್‌ಡಿಐಯುಟಿಲ್ ಕನ್ವರ್ಟ್' ಕಮಾಂಡಿಗೆ '-ಫಾರ್ಮ್ಯಾಟ್ ಯುಡಿಆರ್‌ಡಬ್ಲ್ಯು' ಎಂದು ಕೊಟ್ಟರೆ ಬರೆಯಬಹುದಾದ ನಕಲು ಸಿಗುತ್ತದೆ. ಅದನ್ನು 'ಅಟ್ಯಾಚ್' ಮಾಡಿ, ತಿದ್ದಿ, 'ಡಿಟ್ಯಾಚ್' ಮಾಡಿ, ಮತ್ತೆ ಯುಡಿಜೆಡ್‌ಒಗೆ ಪರಿವರ್ತಿಸಿದರೆ ಆಯಿತು. ಜಾಗ ಕಡಿಮೆಯಾದರೆ ನಡುವೆ 'ರಿಸೈಜ್' ಇದೆ.

ವಿಂಡೋಸ್ ಇನ್‌ಸ್ಟಾಲರಿನ ತಿರುಳು ಇರುವುದು 'ಸೋರ್ಸಸ್' ಫೋಲ್ಡರಿನ 'ಇನ್‌ಸ್ಟಾಲ್ ಡಾಟ್ ವಿಮ್' ಫೈಲಿನಲ್ಲಿ. ಆಡಳಿತಾಧಿಕಾರದ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಡಿಸ್ಮ್'ಗೆ '/ಮೌಂಟ್-ಇಮೇಜ್' ಆಯ್ಕೆ, ಫೈಲಿನ ಹೆಸರು, ಆವೃತ್ತಿಯ ಸೂಚ್ಯಂಕ, ಖಾಲಿ ಫೋಲ್ಡರು ಇಷ್ಟನ್ನು ಕೊಟ್ಟರೆ ಅದು ತೆರೆದುಕೊಳ್ಳುತ್ತದೆ. ಐಎಸ್‌ಒದಿಂದ ನಕಲಿಸಿದ ವಿಮ್ ಫೈಲಿಗೆ ಓದಲಷ್ಟೇ ಎಂಬ ಗುರುತು ಉಳಿದಿದ್ದರೆ ಮೊದಲು ಅದನ್ನು ತೆಗೆಯಬೇಕು. ತಿದ್ದಿದ್ದು ನಿಜವಾಗಿ ಫೈಲಿಗೆ ಸೇರುವುದು '/ಅನ್‌ಮೌಂಟ್-ಇಮೇಜ್' ಜೊತೆಗೆ '/ಕಮಿಟ್' ಕೊಟ್ಟಾಗ. '/ಡಿಸ್ಕಾರ್ಡ್' ಕೊಟ್ಟರೆ ಎಲ್ಲವೂ ಬಿಟ್ಟುಹೋಗುತ್ತದೆ. ಲಿನಕ್ಸಿನಲ್ಲಿ ಇದೇ ಕೆಲಸಕ್ಕೆ 'ವಿಮ್‌ಲಿಬ್' ಇದೆ. ತಿದ್ದಿದ ವಿಮ್ ನಾಲ್ಕು ಗಿಗಾಬೈಟು ಮುಟ್ಟಿದರೆ ಫ್ಯಾಟ್32 ಪೆನ್‌ಡ್ರೈವಿಗೆ ಹಿಡಿಸುವುದಿಲ್ಲ. ಆಗ '/ಸ್ಪ್ಲಿಟ್-ಇಮೇಜ್'ನಿಂದ ಅದನ್ನು ತುಂಡುಮಾಡಬೇಕು.

ಕೈಬಿಡುವ ಮುನ್ನ ತಪಾಸಣೆ

ಹಳೆಯದು, ಹೊಸದು ಎರಡನ್ನೂ ಬೇರೆ ಬೇರೆ ಫೋಲ್ಡರಿಗೆ ಓದಲಷ್ಟೇ ಎಂದು ಮೌಂಟ್ ಮಾಡಿ 'ಡಿಫ್ -ಆರ್' ಓಡಿಸುವುದು ಉತ್ತಮ ಅಭ್ಯಾಸ. ತಿದ್ದಿದ ಫೈಲುಗಳಷ್ಟೇ ಪಟ್ಟಿಯಲ್ಲಿ ಬಂದರೆ ಕೆಲಸ ಅಚ್ಚುಕಟ್ಟಾಗಿದೆ ಎಂದರ್ಥ. ಬೂಟ್ ಪರೀಕ್ಷೆಗೆ ಪೆನ್‌ಡ್ರೈವ್ ಹುಡುಕಬೇಕಾಗಿಲ್ಲ, ಕ್ಯುಎಮು ಎಂಬ ವರ್ಚುವಲ್ ಯಂತ್ರದ ತಂತ್ರಾಂಶಕ್ಕೆ '-ಸಿಡಿರಾಮ್' ಮುಂದೆ ಹೊಸ ಐಎಸ್‌ಒ ಕೊಟ್ಟರೆ ಕಿಟಕಿಯೊಂದರಲ್ಲಿ ಬೂಟ್ ಆಗುತ್ತದೆ. ಇಂದಿನ ಯಂತ್ರಗಳು ಯುಇಎಫ್‌ಐ ಬಳಸುವುದರಿಂದ ಒವಿಎಮ್‌ಎಫ್ ಫರ್ಮ್‌ವೇರ್ ಜೋಡಿಸಿಯೂ ಒಮ್ಮೆ, ಅದೇ ಇಮೇಜನ್ನು ಡಿಸ್ಕಿನಂತೆ ಕೊಟ್ಟೂ ಒಮ್ಮೆ ನೋಡಬೇಕು. ಸಿಡಿಯಂತೆ ಬೂಟ್ ಆದದ್ದು ಪೆನ್‌ಡ್ರೈವಿನಂತೆ ಆಗದಿರುವುದುಂಟು.

ಸೆಕ್ಯೂರ್ ಬೂಟ್ ಇರುವ ಯಂತ್ರಗಳಲ್ಲಿ ಬೂಟ್‌ನ ಮೊದಲ ಕೊಂಡಿಯಾದ ಶಿಮ್, ಗ್ರಬ್, ಕರ್ನಲ್ ಈ ಮೂರಕ್ಕೂ ಡಿಜಿಟಲ್ ಸಹಿ ಇರುತ್ತದೆ. ಗ್ರಬ್‌ನ ಮೆನು ಫೈಲಿಗೆ ಸಹಿಯಿಲ್ಲ, ಅದನ್ನು ತಿದ್ದಿದರೆ ತೊಂದರೆಯಿಲ್ಲ. ಆದರೆ ಸಹಿಯಿರುವ ಈ ಮೂರರಲ್ಲಿ ಯಾವುದನ್ನು ತಿದ್ದಿದರೂ ಯಂತ್ರ ಅದನ್ನು ನಿರಾಕರಿಸುತ್ತದೆ.

ತಿದ್ದಿದ ಇಮೇಜನ್ನು ಬೇರೆಯವರಿಗೆ ಕೊಡುವಾಗ ಮೂಲದ ಹೆಸರಿನಲ್ಲೇ ಕೊಡಬಾರದು. ಮೂಲ ಸಂಸ್ಥೆ ಪ್ರಕಟಿಸಿದ ಎಸ್‌ಎಚ್‌ಎ256 ಮೊತ್ತ ಈಗ ಹೊಂದುವುದಿಲ್ಲ, ಪಡೆದವರು ಫೈಲು ಕೆಟ್ಟಿದೆ ಎಂದೋ ಯಾರೋ ಕೈಯಾಡಿಸಿದ್ದಾರೆ ಎಂದೋ ಅನುಮಾನಿಸುತ್ತಾರೆ. ಹೆಸರಿನಲ್ಲೇ ದಿನಾಂಕ ಸೇರಿಸಿ, ಹೊಸ ಮೊತ್ತವನ್ನೂ ಏನೇನು ಬದಲಾಗಿದೆ ಎಂಬ ಪಟ್ಟಿಯನ್ನೂ ಪಕ್ಕದಲ್ಲಿಡಬೇಕು. ಬಳಸಿದ ಕಮಾಂಡುಗಳನ್ನು ಒಂದು ಶೆಲ್ ಸ್ಕ್ರಿಪ್ಟಿನಲ್ಲಿ ಉಳಿಸಿಕೊಂಡರೆ, ಮೂಲ ಇಮೇಜಿನ ಹೊಸ ಆವೃತ್ತಿ ಬಂದಾಗ ಹೆಸರೊಂದನ್ನು ಬದಲಿಸಿ ಅದನ್ನೇ ಓಡಿಸಬಹುದು. ಆಗಲೂ ಪಾರ್ಟಿಷನ್ನಿನ ಸೆಕ್ಟರ್ ಸಂಖ್ಯೆ ಮತ್ತು ಇಮೇಜಿನೊಳಗಿನ ವಿಳಾಸಗಳು ಹಿಂದಿನಂತೆಯೇ ಇವೆಯೇ ಎಂದು ಮೊದಲು ನೋಡಿಕೊಳ್ಳಬೇಕು.